ನಾಳೆಯ ದೋಣಿ ನಿಲ್ಲಿಸಬೇಡ

ಅಕ್ಕಾ,

ನಾಳೆಯ ಪ್ರಯಾಣಿಕರಿಗೆ ಫೋನ್ ಮಾಡಿ ಬರಬೇಡಿ ಅನ್ನಬೇಡ. ಮೊದಲು ಇದನ್ನು ಪೂರ್ತಿ ಓದು.

ನೀನು ಹೇಳಿದ್ದೇ ನಿಜವಾಯಿತು. ನಮ್ಮ ಹಾಯಿದೋಣಿಯ ಎಂಜಿನ್ ಅರ್ಧ ಗಂಟೆ ಓಡಿ, ವೇಗ ಇಳಿದು ನಿಂತುಹೋಗಿ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಶುರುವಾಗುತ್ತಿತ್ತಲ್ಲ? ನಾನು ಸಂಜೆಯ ಎಂಜಿನ್ ರಿಪೇರಿ ತರಗತಿಯ ಪುಸ್ತಕ ನೋಡಿಕೊಂಡು ಎರಡು ಸಲ ಫಿಲ್ಟರ್ ಬದಲಾಯಿಸಿದೆ. ನೀನು ಪಾತ್ರೆ ತೊಳೆಯುತ್ತಲೇ, "ಲೋ ಎಂಜಿನಿಯರ್, ಓಡುವಾಗ ಉಸಿರು ಕಟ್ಟಿ, ನಿಂತ ಮೇಲೆ ಸರಿಹೋಗುತ್ತೆ ಅಂದ್ರೆ ಟ್ಯಾಂಕಿನೊಳಗೆ ಡೀಸೆಲ್ ಹೀರೋ ಪೈಪಿನ ಬಾಯಿಗೆ ಏನೋ ಅಂಟಿಕೊಳ್ತಿದೆ ಕಣೋ" ಅಂದೆ. ಇವತ್ತು ಪೈಪ್ ಎತ್ತಿ ನೋಡಿದರೆ ಒಂದು ಚೂರು ಪ್ಲಾಸ್ಟಿಕ್! ಎಂಜಿನ್ ಮುಟ್ಟದೆಯೇ ನಿನಗೆ ಹೇಗೆ ಹೊಳೆಯಿತೋ, ಕೈ ಮುಗಿಯಬೇಕು.

ದೋಣಿಯನ್ನು ದಡಕ್ಕೆ ಕಟ್ಟಿಯೇ, ಗೇರ್ ಹಾಕಿ ಎರಡು ಗಂಟೆ ಓಡಿಸಿದೆ. ಒಮ್ಮೆಯೂ ಸೊರಗಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ಮೂರು ಸಲ ಬಿಗಿ ಮಾಡಿದ್ದೇನೆ. ಆದರೂ ನೀನೊಮ್ಮೆ ನೋಡಿಬಿಡು.

ಇನ್ನೊಂದು ಮಾತು ಬರೆಯಲು ಕೈ ಬರುತ್ತಿಲ್ಲ. ಆ ಪ್ಲಾಸ್ಟಿಕ್, ಹೋದ ತಿಂಗಳು ನಾನು ತಂದು ಸುರಿದ ಡೀಸೆಲ್ ಕ್ಯಾನಿನ ಬಾಯಿಗಿದ್ದ ಸೀಲಿನ ಚೂರು. ಬಿಡಿಸಿ ತೆಗೆಯದೆ ಬೆರಳಿನಿಂದ ಚುಚ್ಚಿ ಹರಿದಿದ್ದೆ. ಬಂಡೆಗಳ ನಡುವೆ ಎಂಜಿನ್ ನಿಂತಾಗ ನೀನು ಒಂಟಿಯಾಗಿ ಹಾಯಿ ಎತ್ತಿ ಆರು ಜನರನ್ನು ದಡ ಸೇರಿಸಿದೆಯಲ್ಲ, ಆ ಗಂಡಾಂತರಕ್ಕೆ ನಾನೇ ಕಾರಣ. ಅವತ್ತಿನಿಂದ ನಿನಗೆ ದೋಣಿಯ ಮೇಲೆ ನಂಬಿಕೆ ಹೋಗಿದೆ. ದೋಣಿಯದೇನೂ ತಪ್ಪಿಲ್ಲ ಅಕ್ಕ.

ತರಗತಿ ಮುಗಿಸಿ ಬಂದು ಬೈಗುಳ ತಿನ್ನುತ್ತೇನೆ. ಬೆಳಿಗ್ಗೆ ಮಾತ್ರ ತಪ್ಪದೆ ದೋಣಿ ಹೊರಡಿಸು. ನಾನೂ ಬಂದು ಎಂಜಿನ್ ಪಕ್ಕದಲ್ಲೇ ಕೂರುತ್ತೇನೆ.

ತಮ್ಮ