ಸಿನಿಮಾ ಎಡವಿದ್ದು ಒಂದೇ ಕಡೆ

ಅಪ್ಪಾ,

ಇವತ್ತು ನಮ್ಮ ಥಿಯೇಟರಿನಲ್ಲಿ ಪ್ರಳಯದ ಕಾಮಿಡಿ ಓಡುತ್ತಿತ್ತು. ತೆರೆಯ ಮೇಲೆ ವಿಜ್ಞಾನಿ ಕಿರುಚಿ ಎಚ್ಚರಿಸುತ್ತಿದ್ದರೆ ಮಂತ್ರಿ ಆಕಳಿಸಿದ. ಜನ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಸೇತುವೆಯ ಕಾವಲುಗಾರನ ಫೋನ್ ಬಂತು. ನೀನು ದಿನಾ ಹೊಳೆಯ ಮಟ್ಟ ಬರೆದುಕೊಳ್ಳುತ್ತಿದ್ದ ಕಂಬದಲ್ಲಿ ಕೆಂಪು ಗೆರೆ ಮುಳುಗಿತ್ತು. ಪ್ರೊಜೆಕ್ಟರ್ ನಿಲ್ಲಿಸಿ, ದೀಪ ಹಾಕಿ, "ಹೊಳೆ ಉಕ್ಕಿದೆ, ಎಲ್ರೂ ಮೇಲಿನ ರಸ್ತೆಗೆ ನಡೀರಿ" ಅಂದೆ.

"ಕ್ಲೈಮ್ಯಾಕ್ಸ್ ಮುಗೀಲಿ ಅಣ್ಣಾ!" ಎಂದರು ಯಾರೋ. ಮತ್ತೆ ನಗು. ಬಾಗಿಲ ಸಂದಿಯಿಂದ ಕೆಸರು ನುಗ್ಗಿದ ಮೇಲೇ ಎದ್ದರು. ಹೇಗೋ ಎಲ್ಲರೂ ಪಾರಾದರು.

ಸಿನಿಮಾ ಎಲ್ಲವನ್ನೂ ಸರಿಯಾಗಿಯೇ ತೋರಿಸಿದೆ, ಒಂದು ಬಿಟ್ಟು. ಅಲ್ಲಿ ಎಚ್ಚರಿಕೆ ಕೇಳಿ ನಗುವವರೆಲ್ಲ ಕೆಟ್ಟವರು. ಹೊಳೆ ನಿನ್ನನ್ನು ಒಯ್ದ ಆ ವರ್ಷ, ಕಂಬದ ಬಳಿಯಿಂದ "ನೀರು ಏರ್ತಿದೆ, ಬಂದು ಕರ್ಕೊಂಡು ಹೋಗೋ" ಎಂದು ನೀನು ಫೋನ್ ಮಾಡಿದಾಗ, "ಇಂಟರ್‌ವಲ್ ಆಗ್ಲಿ, ಬರ್ತೀನಿ" ಎಂದು ನಕ್ಕವನು ನಿನ್ನ ಮಗ.