ಎರಡು ಗಂಟೆ ಕಡೆಗೆ ಮೂರು ಮೀನು

ಅಂಗಡಿಯ ಮಹಡಿ ಕೋಣೆ
ಶನಿವಾರ, ತಾರೀಖು ೧೭, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಯಜಮಾನರ ಕೆಮ್ಮು ನಿಂತಿತೇ? ದೊಡ್ಡವಳು ನಿನಗಿಂತ ಎತ್ತರ ಬೆಳೆದಿದ್ದಾಳಂತೆ, ನೂಲಿನ ಅಂಗಡಿಯವಳು ಹೇಳಿದಳು. ನಿನಗಿಂತ ಎತ್ತರ ಬೆಳೆಯುವುದಕ್ಕೆ ಅಂಥ ಕಷ್ಟವೇನೂ ಪಡಬೇಕಾಗಿಲ್ಲ, ಆದರೂ ಕೇಳಿ ಸಂತೋಷವಾಯಿತು. ಆರು ವರ್ಷದಿಂದ ಮಾತುಕತೆಯಿಲ್ಲದ ಅಕ್ಕ ಇಷ್ಟು ವಿಚಾರಿಸುತ್ತಿದ್ದಾಳೆಂದರೆ ಏನೋ ಕೆಲಸ ಬಿದ್ದಿದೆ ಅಂದುಕೊಳ್ಳುತ್ತೀಯ. ಬಿದ್ದಿದೆ. ಮೊದಲು ಸುದ್ದಿ ಕೇಳು.

ಅಮ್ಮನ ಕಣ್ಣು ತಿಂದ ಗ್ಲಾಕೋಮಾ ನನ್ನ ಎರಡೂ ಕಣ್ಣಿಗೆ ಬಂದಿದೆ. ಗೊತ್ತಾಗಿ ಒಂದೂವರೆ ತಿಂಗಳಾಯಿತು. ಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಅದಕ್ಕೇ ಸೂಜಿಗೆ ದಾರ ಈಗಲೂ ಒಂದೇ ಸಲಕ್ಕೆ ಏರಿಸುತ್ತೇನೆ, ಮೊಣಕೈ ಹತ್ತಿರ ಇಟ್ಟ ಕತ್ತರಿಯನ್ನು ಮಾತ್ರ ಅಂಗಡಿಯೆಲ್ಲ ಹುಡುಕುತ್ತೇನೆ. ಹೋದದ್ದು ವಾಪಸ್ ಬರುವುದಿಲ್ಲವಂತೆ; ಇರುವುದನ್ನು ದಿನಾ ಎರಡು ಹೊತ್ತು ಹನಿ ಹಾಕಿ ಕಾಯ್ದುಕೊಳ್ಳಬೇಕು. ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ. ಕಣ್ಣು ಕಾಣದ ದರ್ಜಿಯ ಹತ್ತಿರ ಅಳತೆ ಕೊಡಲು ಯಾರು ಬರುತ್ತಾರೆ?

ಇಂಥ ಹೊತ್ತಿನಲ್ಲಿ ನಾನು ಏನು ಮಾಡಿದೆ ಗೊತ್ತೇ? ಮೀನು ಹಿಡಿಯಲು ಹೋದೆ. ನಗಬೇಡ. ನಮ್ಮ ಗಿರಾಕಿ ಒಬ್ಬನಿದ್ದಾನೆ, ಸಮುದ್ರದ ಆಳವಿಲ್ಲದ ಜಾಗಗಳಲ್ಲಿ ಮೀನು ತೋರಿಸುವುದೇ ಅವನ ಕಸುಬು. ಉದ್ದ ಕಾಲು, ಉದ್ದ ಕತ್ತು, ದೋಣಿಯ ಹಿಂದೆ ಎತ್ತರದ ಹಲಗೆಯ ಮೇಲೆ ನಿಂತೇ ಬದುಕು ಸವೆಸುವವನು. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಅವನ ಅಂಗಿಗಳಿಗೆ ನಾನೇ ಜೇಬು ಹೊಲಿಯುತ್ತಿದ್ದೇನೆ, ಒಂದೊಂದು ಅಂಗಿಗೆ ಏಳೇಳು. ಈ ಸಲ ದೋಣಿಯ ಹೊದಿಕೆ ಹೊಲಿಸಿಕೊಂಡು, "ಟೈಲರಮ್ಮ, ಆ ಜೇಬಲ್ಲಿ ಏನು ಇಡ್ತೀನಿ ಅಂತ ಒಂದು ದಿನವಾದ್ರೂ ಬಂದು ನೋಡಿ" ಎಂದ. ಬೇರೆ ದಿನವಾಗಿದ್ದರೆ ಹೊದಿಕೆಯ ಕೂಲಿ ತಪ್ಪಿಸಿಕೊಳ್ಳಲು ಒಳ್ಳೇ ಉಪಾಯ ಎಂದು ನಕ್ಕು ಕಳಿಸುತ್ತಿದ್ದೆ. ಅವತ್ತು ಹೂಂ ಅಂದೆ. ನೋಡುವುದೇನಾದರೂ ಇದ್ದರೆ ಈಗಲೇ ನೋಡಿಬಿಡಬೇಕು ಅನ್ನಿಸಿತ್ತು.

ಬುಧವಾರ ಅಂಗಡಿಗೆ ಬೀಗ ಹಾಕಿ ಒಬ್ಬಳೇ ಹೋದೆ. ಮೂವತ್ತು ವರ್ಷದಲ್ಲಿ ಮದುವೆ, ಸಾವು ಬಿಟ್ಟರೆ ಬೇರೆ ಯಾವುದಕ್ಕೂ ಬೀಗ ಹಾಕಿದವಳಲ್ಲ. ಕಣ್ಣು ಹಾಯುವಷ್ಟು ದೂರ ಮೊಣಕಾಲುದ್ದದ ಉಪ್ಪುನೀರು, ಇಸ್ತ್ರಿ ಮಾಡಿ ಹಾಸಿದ ಹಾಗೆ. ಕೊಕ್ಕರೆ ಉದ್ದನೆಯ ಗಳ ಊರಿ ಸದ್ದಿಲ್ಲದೆ ದೋಣಿ ತಳ್ಳುತ್ತಾನೆ, ನಾನು ಮುಂದೆ ಗಾಳದ ಕೋಲು ಹಿಡಿದು ನಿಲ್ಲಬೇಕು. ದಾರದ ತುದಿಯಲ್ಲಿ ಪುಕ್ಕ, ನೂಲು ಸುತ್ತಿ ಸೀಗಡಿಯ ಹಾಗೆ ಮಾಡಿದ ಪುಟ್ಟ ಗಾಳ; ಆ ಏಳು ಜೇಬಲ್ಲಿ ಅವನು ಇಡುವುದು ಇವನ್ನೇ. ಸುತ್ತು ಅಚ್ಚುಕಟ್ಟು, ಗಂಟು ಸುಮಾರು, ಹೇಳಿಯೂ ಹೇಳಿದೆ. ಅಲ್ಲಿ ಮೀನು ತಾನಾಗಿ ಬಂದು ಸಿಕ್ಕಿಕೊಳ್ಳುವುದಿಲ್ಲ. ಮೊದಲು ಅದನ್ನು ಕಾಣಬೇಕು, ಆಮೇಲೆ ಅದರ ಮೂತಿಯ ಮುಂದೆ ಗಾಳ ಎಸೆಯಬೇಕು. ಬೂದು ನೀರಿನಲ್ಲಿ ಬೂದು ಮೀನು. ದೋಣಿಯ ಮೂತಿಯನ್ನು ಹನ್ನೆರಡು ಗಂಟೆ ಎಂದು ಇಟ್ಟುಕೊಂಡು ಅವನು ಗಡಿಯಾರದ ಲೆಕ್ಕದಲ್ಲಿ ದಿಕ್ಕು ಕೂಗುತ್ತಾನೆ. "ಹತ್ತು ಗಂಟೆ ಕಡೆ, ಒಂದು, ದೊಡ್ಡದು. ಕಾಣಿಸ್ತಾ?" ನನಗೆ ನೀರು ಬಿಟ್ಟು ಏನೂ ಕಾಣಿಸಲಿಲ್ಲ. "ಕಾಣಿಸ್ತು" ಅಂದೆ. "ಒಂದು ಗಂಟೆ ಕಡೆ, ಬಾಲ ಆಡಿಸ್ತಿದೆ, ನೋಡಿದ್ರಾ?" "ನೋಡಿದೆ, ನೋಡಿದೆ." ಎಸೆದದ್ದೆಲ್ಲ ಎಲ್ಲೆಲ್ಲೋ ಹೋಗಿ ಬಿತ್ತು. ಹೀಗೇ ಬಿಸಿಲೇರಿತು. ಆಮೇಲೆ ಅವನು ಗಳ ಊರಿ ದೋಣಿ ನಿಲ್ಲಿಸಿ ಮೆಲ್ಲಗೆ, "ಎರಡು ಗಂಟೆ ಕಡೆಗೆ ಮೂರು ಮೀನು, ಟೈಲರಮ್ಮ. ಕಾಣಿಸ್ತಾ?" ಎಂದ. ನಾನು ಅತ್ತ ತಿರುಗಿ, "ಮೂರೂ ಕಾಣಿಸ್ತು. ನಡುವಿಂದು ದೊಡ್ಡದು" ಅಂದೆ.

ಅವನು ಎತ್ತರದ ಹಲಗೆಯಿಂದ ಕೆಳಗಿಳಿದ. ಆಮೇಲೆ, "ಅಲ್ಲಿ ಮೀನಿಲ್ಲಮ್ಮ. ನಾನು ಸುಮ್ನೆ ಹೇಳಿದ್ದು" ಎಂದ.

ಗುಬ್ಬೀ, ಆ ದೋಣಿಯಲ್ಲಿ ಮುಖ ಮುಚ್ಚಿಕೊಳ್ಳಲು ಒಂದು ಮೂಲೆಯೂ ಇಲ್ಲ. ಹಲಗೆಯ ಮೇಲೆ ಕೂತುಬಿಟ್ಟೆ. ನಾಚಿಕೆಯಿಂದಲ್ಲ. ನನ್ನ ಬಾಯಿಂದ ಬಂದದ್ದು ಅಮ್ಮನ ದನಿ. ಬಾಗಿಲಲ್ಲಿ ಯಾರು ನಿಂತಿದ್ದಾರೆ ನೋಡಮ್ಮ ಎಂದರೆ, "ನೋಡಿದೆ, ನೋಡಿದೆ, ಒಳಗೆ ಬರೋಕೆ ಹೇಳು" ಎನ್ನುತ್ತಿದ್ದಳಲ್ಲ, ಬಂದವರು ಮಾತಾಡುವವರೆಗೂ ಹೆಸರು ಹಿಡಿಯದೆ. ನೀನು ಎರಡೇ ದಿನಕ್ಕೆ ಕಂಡುಹಿಡಿದೆ. "ಅಕ್ಕಾ, ಅಮ್ಮಂಗೆ ಕಣ್ಣು ಕಾಣ್ತಿಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋಗು" ಅಂದೆ. ನಾನು ಏನಂದೆ ಎಂಬುದು ನಿನಗೆ ನೆನಪಿದೆ, ನನಗೂ ಇದೆ: "ವರ್ಷಕ್ಕೆ ಎರಡು ಸಲ ಬರೋಳಿಗೆ ಎಲ್ಲಾ ಕಾಣ್ಸುತ್ತೆ, ಜೊತೇಲಿರೋ ನಾನು ಕುರುಡಿ." ನಿನ್ನೆದುರಿಗೇ ಅಮ್ಮನ ಕೈಗೆ ಸೂಜಿ, ದಾರ ಕೊಟ್ಟೆ. ನಮ್ಮ ಮನೆಯಲ್ಲಿ ಕಣ್ಣಿನ ಪರೀಕ್ಷೆ ಎಂದರೆ ಅದೊಂದೇ ತಾನೇ, ಸೂಜಿಗೆ ದಾರ ಏರಿಸಿದವಳು ಪಾಸು. ಅಮ್ಮ ಒಂದೇ ಸಲಕ್ಕೆ ಏರಿಸಿದಳು. ನಾನು ಗೆದ್ದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ಅಮ್ಮ ನೆಲದ ಮೇಲಿನ ಬಟ್ಟೆಚೂರಿಗೆ ಕಾಲು ಜಾರಿ ಬಿದ್ದಳು ಎಂದು ಎಲ್ಲರಿಗೂ ಹೇಳಿದೆ. ಬಟ್ಟೆಚೂರು ಇರಲಿಲ್ಲ. ಹಿಂದಿನ ಸಂಜೆ ಶಾಲೆಯ ಸಮವಸ್ತ್ರದ ಬಟ್ಟೆಯ ಥಾನು ಇಳಿಸಲು ಜಾಗ ಸಾಲದೆ, ಕತ್ತರಿಸುವ ಮೇಜನ್ನು ಮೆಟ್ಟಿಲ ಕಡೆಗೆ ಮೂರು ಗೇಣು ಜರುಗಿಸಿದ್ದೆ. ಅಮ್ಮನಿಗೆ ಹೇಳಲಿಲ್ಲ. ಕಣ್ಣಿರುವವಳಿಗೆ ಮೇಜು ಜರುಗಿಸಿದ್ದನ್ನು ಯಾರು ಹೇಳುತ್ತಾರೆ? ಹೆಜ್ಜೆ ಎಣಿಸಿಕೊಂಡು ಬಂದ ಅಮ್ಮ ಅದರ ಮೂಲೆಗೆ ಸೊಂಟ ಬಡಿದು ಮೆಟ್ಟಿಲಿಂದ ಕೆಳಗೆ ಉರುಳಿದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದವಳು, ನೀನು ಬರುವಷ್ಟರಲ್ಲಿ ಮೇಜನ್ನು ಹಿಂದಕ್ಕೆ ತಳ್ಳಿದೆ. ಅಮ್ಮ ಕಣ್ಣು ಮುಚ್ಚುವವರೆಗೆ ಹನ್ನೊಂದು ದಿನ ಆಸ್ಪತ್ರೆಯ ಮಂಚದ ಆ ಕಡೆ ನೀನು ಕೂತಿದ್ದೆ, ಈ ಕಡೆ ನಾನು. ಹೇಳಲಿಲ್ಲ. ನಿನ್ನ ಮಾತು ಕೇಳಲಿಲ್ಲವೆಂದು ನೀನು ನನ್ನನ್ನು ಬಿಟ್ಟೆ; ಮೇಜಿನ ಸಂಗತಿ ತಿಳಿದಿದ್ದರೆ ಏನು ಮಾಡುತ್ತಿದ್ದೆಯೋ. ಈಗ ತಿಳಿಯಿತು. ಏನು ಬೇಕಾದರೂ ಮಾಡು.

ಕೊಕ್ಕರೆ ಏನೂ ಕೆದಕಿ ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟು, "ಕಾಣಲ್ಲ ಅಂದ್ರೆ ನನ್ನ ಹತ್ರ ದಾರಿ ಇದೆ. ಕಾಣ್ತು ಅಂದ್ರೆ ನಾನೇನು ಮಾಡ್ಲಿ ಹೇಳಿ?" ಎಂದ. ನನ್ನ ರೋಗದ ಹೆಸರನ್ನು ಬಾಯಿಬಿಟ್ಟು ಮೊದಲ ಸಲ ಹೇಳಿದ್ದು ಅವನಿಗೇ. ಆಮೇಲೆ ಅವನು ದಿಕ್ಕಿನ ಜೊತೆ ದೂರವನ್ನೂ ಮಾರಿನ ಲೆಕ್ಕದಲ್ಲಿ ಹೇಳತೊಡಗಿದ. ಅಳತೆ ಹೇಳಿದರೆ ನನ್ನ ಕೈ ತಪ್ಪುವುದಿಲ್ಲ. "ಹನ್ನೊಂದು ಗಂಟೆ, ಎಂಟು ಮಾರು." ಎಸೆದೆ. "ಎಳೀರಿ, ನಿಧಾನ, ಬರ್ತಿದೆ, ಬಂತು." ದಾರ ಬೆರಳಿನಲ್ಲಿ ಬಿಗಿಯಿತು. ಆಗ ದಾರವನ್ನು ಕೈಯಿಂದ ನೇರ ಹಿಂದಕ್ಕೆ ಎಳೆಯಬೇಕಂತೆ. ಮೂವತ್ತು ವರ್ಷ ಹೊಲಿಗೆ ಹಾಕಿ ದಾರ ಮೇಲಕ್ಕೆ ಎತ್ತಿದ ಕೈ, ಕೋಲನ್ನು ಆಕಾಶಕ್ಕೆ ಎತ್ತಿತು. ಗಾಳ ಮೀನಿನ ಬಾಯಿಂದ ಜಾರಿ ಬಂತು. "ಗುಂಡಿ ಹೊಲಿಯೋಕೆ ಕರ್ಕೊಂಡು ಬಂದಿಲ್ಲ ಟೈಲರಮ್ಮ" ಎಂದು ಅವನು ನಕ್ಕ. ನಾನೂ ನಕ್ಕೆ. ನಗುತ್ತಾ ನಗುತ್ತಾ ಅದು ಬೇರೆ ಆಯಿತು. ಅವನು ಬೆನ್ನು ತಿರುಗಿಸಿಕೊಂಡು ದೋಣಿ ತಳ್ಳಿದ. ಸಂಜೆ ಬರಿಗೈಯಲ್ಲಿ ಬಂದೆ.

ನಿನಗೆ, ಯಜಮಾನರಿಗೆ ಒಳ್ಳೆಯದಾಗಲಿ. ಮಕ್ಕಳು ಚೆನ್ನಾಗಿ ಬಾಳಲಿ, ಅವರಿಗೆ ದೊಡ್ಡಮ್ಮ ಕೇಳಿದಳೆಂದು ಹೇಳು. ಹೇಳಲು ಮನಸ್ಸಾಗದಿದ್ದರೆ ಬಿಡು.

ಇಂತಿ,
ನಿನ್ನ ಅಕ್ಕ

ತಾ.ಕ.: ಅಂಚೆಯವನು ಕೆಳಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಒಡಹುಟ್ಟಿದವರು ಇದ್ದಾರಾ ಎಂದು ಡಾಕ್ಟರು ರೋಗ ಗೊತ್ತಾದ ದಿನವೇ ಕೇಳಿದರು. ಒಬ್ಬಳಿದ್ದಾಳೆ ಅಂದೆ. ಅವಳೂ ತಡಮಾಡದೆ ತೋರಿಸಬೇಕು ಅಂದರು. ಈ ಮಾತು ನಿನಗೆ ಹೇಳಲು ಒಂದೂವರೆ ತಿಂಗಳು ಹಿಡಿಯಿತು, ಅದನ್ನೂ ನನ್ನ ತಪ್ಪಿಗೆ ಸೇರಿಸಿಕೋ. ಈ ವಾರವೇ ಹೋಗು. ನೋವೇನೂ ಆಗುವುದಿಲ್ಲ, ಆದರೆ ಪರೀಕ್ಷೆಗೆ ಹನಿ ಹಾಕಿದ ಮೇಲೆ ಮೂರು ಗಂಟೆ ಎಲ್ಲಾ ಮಸುಕು, ಒಬ್ಬಳೇ ಬರಲಾಗದು. ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ನೀನು ಮಾತಾಡಬೇಕಾಗಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತೇನೆ.