ಅಮ್ಮನಿಗೆ ಹೇಳಿದ ಹಳೆಯ ದರ

ಮ್ಚಿಂಜಿ ಗಡಿ, ಮಲಾವಿ
ನವೆಂಬರ್ 30, 2023

ಪ್ರೀತಿಯ ಜಿಯೋನೆ,

ಆಸ್ಪತ್ರೆಯಲ್ಲಿ ನಿನ್ನ ಕೆಲಸ ಕಾಯಂ ಆಯಿತೆಂದು ಓದಿ ತುಂಬಾ ಖುಷಿಯಾಯಿತು. ಉತ್ತರ ತಡವಾದದ್ದಕ್ಕೆ ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಮುಖವಿರಲಿಲ್ಲ. ಎರಡು ಸಲ ಫೋನ್ ಮಾಡಿ, ಮಳೆ, ಬಿತ್ತನೆ ಎಂದು ಏನೇನೋ ಮಾತಾಡಿ ಇಟ್ಟುಬಿಟ್ಟೆ.

ನಾನಿನ್ನೂ ಅದೇ ಮಾವಿನ ಮರದಡಿ ಕೂತು, ಜಾಂಬಿಯಾದ ಕ್ವಾಚಾ ನೋಟು ತಂದವರಿಗೆ ನಮ್ಮ ಕ್ವಾಚಾ ಕೊಡುತ್ತೇನೆ. ಹೆಸರು ಒಂದೇ, ಹಣೆಬರಹ ಬೇರೆ. ಅವರಿಗೆ ತಾಮ್ರವಿದೆ, ನಮಗೆ ಹೊಗೆಸೊಪ್ಪಿನ ಮಾರಾಟ ಮುಗಿದರೆ ಡಾಲರೇ ಇಲ್ಲ. "ನಿಮ್ಮ ನೋಟು ಹೊರೋಕೆ ಚೀಲ ಬೇಕು ಕಣಕ್ಕ, ಕೊಂಡಿದ್ದನ್ನ ಹೊರೋಕೆ ಜೇಬು ಸಾಕು" ಎಂದು ಆಚೆ ಬದಿಯಲ್ಲಿ ದುಡ್ಡು ಬದಲಿಸುವ ಕೆಫಾಸಿ ರೇಗಿಸುತ್ತಾನೆ.

ಈ ತಿಂಗಳ ಒಂಬತ್ತರಂದು ಸರ್ಕಾರ ನಮ್ಮ ನೋಟಿನ ಬೆಲೆ ಒಮ್ಮೆಗೇ ಇಳಿಸಿತಲ್ಲ, ಅಂದು ಬೆಳಿಗ್ಗೆ ಮರದಡಿ ಸೇರಿ ಹೊಸ ದರ ಗೊತ್ತುಮಾಡಿದೆವು. ಅವರ ಒಂದಕ್ಕೆ ನಮ್ಮ ಐವತ್ತಿದ್ದದ್ದು ಎಪ್ಪತ್ತೈದಾಯಿತು. ಮಧ್ಯಾಹ್ನ ನಿನ್ನ ಅಮ್ಮ ಗಡಿಯಾಚೆಯ ಚಿಪಾಟಾದಲ್ಲಿ ಒಣಮೀನು ಮಾರಿ, ಅಲ್ಲಿನ ನಾನೂರು ಕ್ವಾಚಾ ಹಿಡಿದು ಬಂದರು.

"ಇವತ್ತೂ ನಿನ್ನೆ ರೇಟೇನಾ, ಮಗಳೇ?"

"ಹ್ಞೂಂ ಅಮ್ಮ, ಅದೇ."

ನಮ್ಮಲ್ಲಿ ಸ್ವಂತದವರ ಹತ್ತಿರ ಲಾಭ ಇಟ್ಟುಕೊಳ್ಳುವುದಿಲ್ಲ, ಅವರೂ ನಮ್ಮೆದುರು ನೋಟು ಎಣಿಸುವುದಿಲ್ಲ, ನಿನಗೆ ಗೊತ್ತಲ್ಲ. ನಾನು ಕೂಡಿಟ್ಟದ್ದೆಲ್ಲ ನಮ್ಮ ನೋಟು, ಮೂರನೇ ಒಂದು ಪಾಲು ಒಂದೇ ದಿನಕ್ಕೆ ಕರಗಿತ್ತು. ಆ ನಷ್ಟವನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಎಣಿಸದವರೊಬ್ಬರು ಎದುರಿಗೆ ಸಿಕ್ಕರು. ಮೂವತ್ತು ಸಾವಿರದ ಬದಲು ಇಪ್ಪತ್ತು ಕೊಟ್ಟೆ. ಅಮ್ಮ ಅದನ್ನು ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡು, "ಉಂಡ್ಯಾ?" ಎಂದು ಕೇಳಿ, ಎಂದಿನಂತೆ ಒಂದು ಹಿಡಿ ಮೀನು ಕೊಟ್ಟು ಹೋದರು. ಆ ಮೀನು ಇನ್ನೂ ಮನೆಯಲ್ಲಿದೆ. ಬೇಯಿಸಲು ಕೈ ಬರುತ್ತಿಲ್ಲ.

ಆಮೇಲೆ ಅವರು ನನ್ನ ಹತ್ತಿರ ಬಂದಿಲ್ಲ. ಉಳಿದ ಹತ್ತು ಸಾವಿರ ಲಕೋಟೆಯಲ್ಲಿದೆ, ನೀನೇ ಕೊಡು. ಏನೂ ತಿಳಿಯದ ಅಮ್ಮನಿಗೆ ಮೋಸ ಮಾಡಿದೆನಲ್ಲ ಎಂದು ನಾಚಿಕೆಯಾಗುತ್ತದೆ, ಜಿಯೋನೆ.

ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ.

ನಿನ್ನ
ಫಾತ್ಸಾನಿ

ಮತ್ತೊಂದು ಮಾತು: ಕಾಗದ ಮಡಿಸುವಾಗ ಕೆಫಾಸಿ ಬಂದ. ಅಮ್ಮ ಈಗ ಅವನ ಹತ್ತಿರವೇ ದುಡ್ಡು ಬದಲಿಸುತ್ತಾರಂತೆ. ಯಾಕೆ ಎಂದು ಅವನು ಕೇಳಿದ್ದಕ್ಕೆ ಹೇಳಿದರಂತೆ: "ಅವತ್ತು ಬಸ್ಸಲ್ಲೇ ರೇಡಿಯೋದಲ್ಲಿ ನೋಟಿನ ಸುದ್ದಿ ಕೇಳಿದ್ದೆ ಕಣಪ್ಪ. ಅವಳಿಗೇನೋ ಕಷ್ಟ ಇರ್ಬೇಕು ಅಂತ ಸುಮ್ನಾದೆ. ಮತ್ತೆ ಹೋದ್ರೆ ಮತ್ತೆ ಸುಳ್ಳು ಹೇಳ್ಬೇಕಾಗುತ್ತೆ ಅವಳು, ಪಾಪ."